ಅಣ್ಣ ಜೋಡಿಸಿಕೊಂಡ ಮುಂಬಯಿ

ಮುಂಬಯಿಯ ಗೇಟ್‌ವೇ ಪಕ್ಕ, ಸಮುದ್ರಕ್ಕಿಳಿಯುವ ಕಲ್ಲಿನ ಮೆಟ್ಟಿಲುಗಳಲ್ಲಿ ಒಣಗಿದ್ದ ಕೊನೆಯ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಅದರ ಕೆಳಗಿನದು ಪಾಚಿಗಟ್ಟಿ ಹಸಿರಾಗಿತ್ತು. ಅದಕ್ಕೆ ತಾಗಿಯೂ ತಾಗದಂತೆ ನಮ್ಮ ಲಾಂಚು ಏರಿಳಿಯುತ್ತಿತ್ತು. ಮೂರು ವರ್ಷದ ಹಿಂದಿನ ಫೆಬ್ರವರಿ, ಮಂಗಳವಾರ. ಬಿಸಿಲು ನೆತ್ತಿ ದಾಟಿತ್ತು. ಲಾಂಚಿನ ಅಂಚಿನಲ್ಲಿ ಅಣ್ಣ ನಿಂತಿದ್ದರು. ಅವರ ಎಡಗಾಲು ಹಲಗೆಯ ಮೇಲಿತ್ತು, ಬಲಗಾಲು ಗಾಳಿಯಲ್ಲಿತ್ತು. ಕಂದು ಚಪ್ಪಲಿ ತೊಟ್ಟ ಆ ಪಾದ, ಕರೆಂಟು ಹೋದ ಕೋಣೆಯಲ್ಲಿ ಕೈ ಬೆಂಕಿಪೆಟ್ಟಿಗೆ ಹುಡುಕುವ ಹಾಗೆ, ಮೆಲ್ಲಗೆ ಆ ಕಡೆ ಈ ಕಡೆ ಆಡುತ್ತಿತ್ತು. ಮುಖ ಮಾತ್ರ ನೇರ ನನ್ನತ್ತ ಇತ್ತು. ಅವರು ನಗುತ್ತಿದ್ದರು. ಆ ನಗು ಹಾಗೇ ಇರುವಾಗಲೇ ಅವರ ಕಾಲು ಮೆಟ್ಟಿಲಿಲ್ಲದ ಜಾಗಕ್ಕೆ ಇಳಿಯಿತು.

ಮುಂದೆ ಏನಾಯಿತೆಂದು ಹೇಳುವ ಮೊದಲು ಅವರು ಯಾರೆಂದು ಹೇಳಬೇಕು. ಪುಣೆಯ ಖಡಕಿಯಲ್ಲಿರುವ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಅಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಅಂದಾಜು ಬರೆಯಬಾರದು. ಇಲ್ಲಿಯೂ ಹಾಗೆಯೇ ಮಾಡುತ್ತೇನೆ. ಕೇಳಿ ತಿಳಿದದ್ದಿದ್ದರೆ ಕೇಳಿದ್ದೆಂದೇ ಹೇಳುತ್ತೇನೆ.

ಅಣ್ಣ ಖಡಕಿ ಬಜಾರಿನಲ್ಲಿ ಇಡ್ಲಿ, ವಡೆ, ದೋಸೆಯ ಹೋಟೆಲು ಇಟ್ಟವರು. ಉಡುಪಿ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಪುಣೆಗೆ ಬಂದರೆಂದು ಅವರೇ ಹೇಳಿದ್ದು. ಮಿಲಿಟರಿಯವರು, ಮರಾಠಿಯವರು, ನಮ್ಮಂಥ ಕಲಬುರಗಿ ಕಡೆಯವರು, ಎಲ್ಲರಿಗೂ ಅವರು ಅಣ್ಣ. ಬಿಳಿ ಅರ್ಧತೋಳಿನ ಅಂಗಿ, ಒದ್ದೆ ಬಾಚಣಿಗೆಯಲ್ಲಿ ಹಿಂದಕ್ಕೆ ಬಾಚಿದ ಕೂದಲು. ಚಟ್ನಿಯನ್ನು ಎಡಗೈಯ ಹಿಂಭಾಗಕ್ಕೆ ಒಂದು ಬೊಟ್ಟು ಹಾಕಿಸಿಕೊಂಡು ನೆಕ್ಕಿ ನೋಡುತ್ತಿದ್ದರು. ತಿಂದು ಹೊರಟವರಿಗೆ ಅವರು ಹೇಳುತ್ತಿದ್ದದ್ದು "ಬನ್ನಿ" ಅಂತ. ಹೊರಟವರಿಗೆ ಬನ್ನಿ ಅನ್ನುವುದೇನೆಂದು ಹೊಸಬರು ನಿಂತು ನೋಡುತ್ತಿದ್ದರು. ಮತ್ತೆ ಬನ್ನಿ ಎಂಬುದರಲ್ಲಿ 'ಮತ್ತೆ' ಅನ್ನುವುದನ್ನು ಹೇಳುವಷ್ಟು ಪುರುಸೊತ್ತು ಹೋಟೆಲಿನವರಿಗೆ ಎಲ್ಲಿದೆ ಅನ್ನುತ್ತಿದ್ದರು ಅಣ್ಣ.

ಅವರದೊಂದು ಕಟ್ಟುನಿಟ್ಟಿನ ನಡಾವಳಿ ಇತ್ತು. ಗಿರಾಕಿ ಕೂರುವ ಕುರ್ಚಿಯಲ್ಲಿ ಅವರು ಎಂದೂ ಕೂರುತ್ತಿರಲಿಲ್ಲ. ಹೋಟೆಲು ಪೂರ್ತಿ ಖಾಲಿ ಇದ್ದರೂ ಇಲ್ಲ, ಮೊಣಕಾಲು ನೋಯುತ್ತಿದ್ದರೂ ಇಲ್ಲ. ಕೂತರೆ ಗಲ್ಲಾದ ಹಿಂದಿನ ಎತ್ತರದ ಸ್ಟೂಲಿನ ಮೇಲೆ, ಇಲ್ಲವಾದರೆ ನಿಂತೇ. ಬೇರೆಯವರ ಹೋಟೆಲಿಗೆ ಹೋದರೆ ಮಾತ್ರ ಎಲ್ಲರಂತೆ ಕೂತು ತಿಂದು, ಏಳುವಾಗ ತನ್ನ ತಟ್ಟೆ ಲೋಟಗಳನ್ನು ಒಂದರೊಳಗೊಂದು ಇಟ್ಟು, ಕುರ್ಚಿಯನ್ನು ಒಳಕ್ಕೆ ತಳ್ಳಿ ಬರುತ್ತಿದ್ದರು. ಇನ್ನೊಬ್ಬರ ಸಾಂಬಾರಿನ ಬಗ್ಗೆ ಕೆಟ್ಟ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಬೆಳಗಿನ ತಿಂಡಿಗೆ ಅವರ ಹೋಟೆಲಿಗೆ ಹೋಗತೊಡಗಿದೆ. ಗೋಡೆಯ ಕಡೆ ಮುಖ ಮಾಡಿ ಕೂರುವ ಒಂಟಿ ಮೇಜು ನನ್ನದು. ಅಣ್ಣ ಕೆಲವು ದಿನ ನೋಡಿದರು. ಆಮೇಲೊಂದು ದಿನ ನಾನು ಕೂರಲು ಹೋದಾಗ ಅಡ್ಡ ಬಂದು, "ಅಲ್ಲಿ ಜಾಗ ಇಲ್ಲ ಸಾಹೇಬ್ರೆ, ಆಚೆ ಕೂತ್ಕೊಳ್ಳಿ" ಎಂದು ಮೂಲೆಯ ದೊಡ್ಡ ಮೇಜು ತೋರಿಸಿದರು. ನನ್ನ ಮೇಜು ಖಾಲಿಯೇ ಇತ್ತು. ಅದು ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ನಾನು ಹೋಗಿ ದೊಡ್ಡ ಮೇಜಿನಲ್ಲಿ ಕೂತೆ. ಅಲ್ಲಿ ಇಬ್ಬರಿದ್ದರು.

ಒಬ್ಬ ಬಸವರಾಜ, ಯಾದಗಿರಿ ಕಡೆಯವನು. ಕಟ್ಟಡದ ಕೂಲಿಗೆ ಬಂದು ಈಗ ಮೇಸ್ತ್ರಿಯಾಗಿದ್ದಾನೆ. ಇನ್ನೊಬ್ಬ ದತ್ತು, ಇಂದಾಪುರದವನು, ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಮಾತೃಭಾಷೆ ಮರಾಠಿ, ಸೋಲಾಪುರದ ದಾರಿಯಲ್ಲಿ ವರ್ಷಗಟ್ಟಲೆ ತಿರುಗಿ ನಮ್ಮ ಮಾತೆಲ್ಲ ತಿಳಿಯುತ್ತದೆ, ಆಡಲು ಮಾತ್ರ ನಾಚಿಕೆ. ಆ ಬೆಳಿಗ್ಗೆ ಬಸವರಾಜ ಒಂದು ಇಡ್ಲಿಯನ್ನು ಕೈಯಲ್ಲಿ ಹಿಡಿದು ಅಣ್ಣನಿಗೆ ತೋರಿಸುತ್ತಿದ್ದ.

"ಅಣ್ಣಾರ, ಇಡ್ಲಿ ಹಿಂಗ ಆದ್ರ ನಾಳಿಂದ ಪಾಯಾಕ್ಕ ಇದನ್ನ ಹಾಕ್ತೀನ್ರಿ."

"ಹಾಕು ಮಾರಾಯ. ನಿನ್ನ ಸಿಮೆಂಟಿಗಿಂತ ಗಟ್ಟಿ ಉಂಟು ಅದು, ಬಿಲ್ಡಿಂಗ್ ನಿಲ್ತದೆ."

ಆ ದಿನ ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಮರುದಿನವೂ ಅದೇ ಮೇಜಿಗೆ ಹೋದದ್ದು ನೆನಪಿದೆ. ಅಣ್ಣ ನಮ್ಮ ಪಕ್ಕದಲ್ಲಿ ನಿಂತೇ ಚಹಾ ಕುಡಿಯುತ್ತಿದ್ದರು. ಹಾಗೆ ನಾವು ನಾಲ್ವರಾದೆವು.

ಚಳಿ ಇಳಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ನಾಲ್ವರೂ ಎಲ್ಲಿಗಾದರೂ ಹೋಗುವುದು ರೂಢಿಯಾಯಿತು. ಕೊಲ್ಹಾಪುರಕ್ಕೆ ಹೋದೆವು, ಮಹಾಬಳೇಶ್ವರಕ್ಕೆ ಹೋದೆವು. ಎಲ್ಲಿಗೆ ಹೋಗುವುದೆಂದು ಬಸವರಾಜ ಮತ್ತು ದತ್ತು ಜಗಳವಾಡುತ್ತಿದ್ದರು. ಅಣ್ಣ ಯಾವ ಊರಾದರೂ ಸರಿ ಎನ್ನುತ್ತಿದ್ದರು. ಆ ವರ್ಷ ಮಾತ್ರ ಜಗಳ ಶುರುವಾಗುವ ಮೊದಲೇ, ಈ ಸಲ ಮುಂಬಯಿ ಎಂದುಬಿಟ್ಟರು. ನಾವು ನಕ್ಕೆವು. ಪುಣೆಯವರು ಮುಂಬಯಿಗೆ ಮದುವೆಗೆ ಹೋಗುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ಕಚೇರಿ ಕೆಲಸಕ್ಕೆ ಹೋಗಿ ಬೈದುಕೊಂಡು ಸಂಜೆ ಗಾಡಿಗೆ ಮರಳುತ್ತಾರೆ. ರಜೆಗೆಂದು ಹೋಗುವುದಿಲ್ಲ. ಮುಂಬಯಿಯಲ್ಲಿ ನೋಡುವುದೇನಿದೆ, ಜನ ನೋಡಬೇಕಾದರೆ ಇಲ್ಲೇ ಲಕ್ಷ್ಮೀ ರಸ್ತೆಗೆ ಹೋಗೋಣ ಎಂದ ಬಸವರಾಜ. ಅಣ್ಣ, ಮುಂಬಯಿಗೆ ಎಂದು ಇನ್ನೊಮ್ಮೆ ಹೇಳಿದರು.

ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಅವರಲ್ಲಿ ಕೆಲವು ಬದಲಾವಣೆಗಳಾಗಿದ್ದವು. ಅವನ್ನೆಲ್ಲ ನಾವು ನೋಡಿದ್ದೆವು, ನಮಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿದ್ದೆವು. ಮೊದಲು ಅವರು ಗಿರಾಕಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಹೆಸರು ಹಿಡಿದು ಕೂಗುತ್ತಿದ್ದರು. ಈಗ ಬಂದವರು ತಾವಾಗಿ ಮಾತಾಡುವವರೆಗೆ ಸುಮ್ಮನಿದ್ದು, ಆಮೇಲೆ ಎರಡರಷ್ಟು ಉಪಚಾರ ಮಾಡುತ್ತಿದ್ದರು. ವಯಸ್ಸಾಯಿತು, ಮಾತು ಹೆಚ್ಚಾಯಿತು ಎಂದುಕೊಂಡೆವು. ಪಕ್ಕದಿಂದ ಕರೆದರೆ ಕುತ್ತಿಗೆಯ ಜೊತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಕುತ್ತಿಗೆ ಹಿಡಿದಿದೆ, ಎಣ್ಣೆ ತಿಕ್ಕಿಸಿ ಎಂದೆವು. ಅಡುಗೆಮನೆಗೆ ಹೋಗುವುದನ್ನು ಬಿಟ್ಟು ಸಾಂಬಾರು, ಚಟ್ನಿಗಳನ್ನು ಬಟ್ಟಲಲ್ಲಿ ಗಲ್ಲಾಕ್ಕೇ ತರಿಸಿಕೊಂಡು ರುಚಿ ನೋಡತೊಡಗಿದರು. ಅಣ್ಣ ಈಗ ದೊಡ್ಡ ಸೇಠ್ ಆದರೆಂದು ಬಸವರಾಜ ತಮಾಷೆ ಮಾಡಿದ. ಕಣ್ಣಿಗೆ ಹೊಡೆಯುವಂತೆ ಎಲ್ಲ ಎದುರಿಗಿತ್ತು. ನಮಗೆ ಮಾತ್ರ ಹೊಳೆಯಲಿಲ್ಲ.

ಬೆಳಗಿನ ಗಾಡಿಗೆ ಹೊರಟೆವು. ಘಟ್ಟ ಇಳಿದು ಕರ್ಜತ್ ದಾಟುತ್ತಲೇ ಗಾಳಿ ಬಿಸಿಯಾಗಿ, ಅಂಗಿ ಬೆನ್ನಿಗೆ ಅಂಟಿತು. ನಾವು ಇಳಿದ ನಿಲ್ದಾಣದ ಈಗಿನ ಹೆಸರು ಎಷ್ಟೇ ಉದ್ದವಿರಲಿ, ಅಣ್ಣನಿಗೆ ಅದು ವಿ.ಟಿ.ಯೇ. ಗಾಡಿಯಿಂದ ಇಳಿದ ಕೂಡಲೇ ಅವರು ನನ್ನ ಬಲ ಭುಜದ ಮೇಲೆ ಕೈಯಿಟ್ಟರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿ ಮಾತಾಡಿಸಿದ್ದೇ ಇಲ್ಲ. ಕೈ ತೆಗೆಯಲೂ ಇಲ್ಲ. ಆ ಜನಜಂಗುಳಿಯಲ್ಲಿ, ಟ್ರಾಲಿ ಬ್ಯಾಗುಗಳ ನಡುವೆ, ರಸ್ತೆ ದಾಟುವಾಗ, ಕಾಲುದಾರಿಯ ಪುಸ್ತಕದ ರಾಶಿಗಳ ಪಕ್ಕ, ಎಲ್ಲ ಕಡೆ ಆ ಕೈ ನನ್ನ ಭುಜದ ಮೇಲೇ ಇತ್ತು. ನನಗೆ ಸಂತೋಷವಾಯಿತು. ಹೆಂಡತಿ ಹೋದ ಮೇಲೆ ಯಾರೂ ನನ್ನ ಮೇಲೆ ಅಷ್ಟು ಹೊತ್ತು ಕೈಯಿಟ್ಟಿರಲಿಲ್ಲ. ಬಸವರಾಜ ಹಿಂದಿನಿಂದ, "ನಮ್ಮ ಹೆಗಲಿಗೇನ್ ಮುಳ್ಳ ಅದಾವೇನ್ರಿ ಅಣ್ಣಾರ" ಎಂದು ಚುಡಾಯಿಸಿದ. "ನಿನ್ನದು ಎತ್ತರ ಮಾರಾಯ, ನಂಗೆ ಎಟುಕುದಿಲ್ಲ" ಎಂದರು.

ಊರನ್ನು ಕಾಲಿನಲ್ಲಿ ನೋಡಬೇಕು ಎಂಬುದು ಅವರ ಮಾತು. ಟ್ಯಾಕ್ಸಿ ಬೇಡವೆಂದರು. ಅವರು ಲೋಟ ತೊಳೆಯುತ್ತಿದ್ದ ಹೋಟೆಲಿನ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲೀಗ ಮೊಬೈಲ್ ಅಂಗಡಿ. ಅವರು ಬೇಸರಪಡುತ್ತಾರೆಂದು ನಾನು ಕಾದೆ. ಅವರು ಅಂಗಡಿಯ ಮುಂದೆ ನಿಂತು, ಮೋರಿ ಎಲ್ಲಿತ್ತು, ಹಿಟ್ಟು ರುಬ್ಬುವ ಕಲ್ಲು ಎಲ್ಲಿತ್ತು, ರಾತ್ರಿ ಯಾವ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರೆಂದು ಬೆರಳು ಮಾಡಿ ತೋರಿಸಿದರು. ಅಂಗಡಿಯ ಹುಡುಗಿ ಒಳಗಿನಿಂದ ಬಂದು ಯಾವ ಮಾಡೆಲ್ ಬೇಕೆಂದು ಕೇಳಿದಳು. ದತ್ತು ತನ್ನ ಹಳೆಯ ಗುಂಡಿಯ ಫೋನು ತೆಗೆದು ತೋರಿಸಿ, ಇದಕ್ಕೆ ತಮ್ಮ ಇದ್ದರೆ ಕೊಡು ಎಂದು ಮರಾಠಿಯಲ್ಲಿ ಹೇಳಿ ಅವಳನ್ನು ನಗಿಸಿದ.

ಗೇಟ್‌ವೇಯಲ್ಲಿ ಬಂದರು ಸುತ್ತಿಸಿ ತರುವ ಲಾಂಚು ಹತ್ತಿದೆವು. ಹತ್ತುವಾಗ ದತ್ತು ಮುಂದೆ, ನಾನು ಹಿಂದೆ, ಅಣ್ಣ ನಡುವೆ, ತೊಂದರೆಯಾಗಲಿಲ್ಲ. ನೀರಿನ ನಡುವೆ ಬಿಳಿ ಹಕ್ಕಿಗಳು ಲಾಂಚಿನ ಹಿಂದೆ ಹಾರಿ ಬಂದವು. ಎಲ್ಲರೂ ಎರಡೂ ಬದಿಗೆ ಕೈ ತೋರಿಸಿ ಕೂಗಾಡುತ್ತಿದ್ದಾಗ ಅಣ್ಣ ಎದುರಿಗೆ ಮಾತ್ರ ನೋಡುತ್ತ ಕೂತಿದ್ದರು. ಇಳಿಯುವಾಗ ನಾನೂ ಬಸವರಾಜನೂ ಮೊದಲು ಇಳಿದೆವು. ಅಣ್ಣನ ಹಿಂದೆ ದತ್ತು ಇದ್ದ. ಆಗ ನಾನು ಮೊದಲೇ ಹೇಳಿದ್ದು ನಡೆಯಿತು.

ಅವರ ಬಲಗಾಲು ಲಾಂಚಿಗೂ ಕಲ್ಲಿಗೂ ನಡುವೆ ತೊಡೆಯವರೆಗೆ ಇಳಿಯಿತು. ಅಲೆಗೆ ದೂರ ಸರಿದಿದ್ದ ಲಾಂಚು ಮತ್ತೆ ಕಲ್ಲಿನ ಕಡೆ ಬರುತ್ತಿತ್ತು. ಅದು ಬರುವುದನ್ನು ನಾನು ನೋಡಿದೆ.  ಲಾಂಚಿನವನು ತನ್ನ ಎರಡೂ ಕಾಲನ್ನು ಕಲ್ಲಿಗೆ ಕೊಟ್ಟು, ಬೆನ್ನನ್ನು ಹಲಗೆಗೆ ಆನಿಸಿ ತಳ್ಳಿದ. ದತ್ತು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದ. ಬಸವರಾಜ ಪಾಚಿಯ ಮೆಟ್ಟಿಲಿಗೆ ಇಳಿದು ಸೊಂಟ ಹಿಡಿದ. ನಾನು ಹಿಡಿದದ್ದು ಅಂಗಿಯ ತೋಳನ್ನು. ಅದು ಹರಿದು ನನ್ನ ಕೈಗೆ ಬಂತು. ಅಣ್ಣನನ್ನು ಕಾಪಾಡಿದವರು ಆ ಮೂವರು. ಇದು ಸ್ಪಷ್ಟವಾಗಿರಬೇಕು.

ಮೇಲೆ ತಂದು ಕೂರಿಸಿದೆವು. ಮೊಣಕಾಲಿನ ಕೆಳಗೆ ಚರ್ಮ ಕಿತ್ತು ರಕ್ತ ಬರುತ್ತಿತ್ತು. "ಎಂತ ಆಗ್ಲಿಲ್ಲ, ಎಂತ ಆಗ್ಲಿಲ್ಲ" ಅನ್ನುತ್ತಿದ್ದರು. ಆಮೇಲೆ, "ಚಪ್ಪಲಿ ಎಲ್ಲುಂಟು?" ಎಂದು ಕೇಳಿದರು. ಬಸವರಾಜ ನೀರಿನಿಂದ ಎತ್ತಿ ತಂದ ಚಪ್ಪಲಿ ಅವರ ಎಡ ಮಗ್ಗುಲಿಗೇ, ತೊಡೆಗೆ ತಾಗುವಷ್ಟು ಹತ್ತಿರ ಇತ್ತು. ಅವರು ಎದುರಿನ ಕಲ್ಲುಗಳಲ್ಲೆಲ್ಲ ಹುಡುಕಿದರು. ಆಗ ದತ್ತು ಒಂದು ಕೆಲಸ ಮಾಡಿದ. ಅಣ್ಣನ ಕಿವಿಯ ಪಕ್ಕ ತನ್ನ ಕೈ ತಂದು, ಬೆರಳುಗಳನ್ನು ಮೆಲ್ಲಗೆ ಆಡಿಸಿದ. ಅಣ್ಣ ತಿರುಗಲಿಲ್ಲ. ದತ್ತು ಇನ್ನೊಂದು ಬದಿಗೂ ಹಾಗೆಯೇ ಮಾಡಿದ. ನೌಕರಿಯುದ್ದಕ್ಕೂ ಕಣ್ಣಿನ ಪರೀಕ್ಷೆಗೆ ನಿಂತವನು ಅವನು. ನಮ್ಮಿಬ್ಬರ ಮುಖ ನೋಡಿ ಕೈ ಕೆಳಗಿಳಿಸಿದ. ಚಪ್ಪಲಿಯನ್ನು ಎತ್ತಿ ಅಣ್ಣನ ಎದುರಿಗೆ ಇಟ್ಟ.

ಆ ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಪಟ್ಟಿ ಕಟ್ಟಿಸಿ, ಹೊಸ ಅಂಗಿ ಕೊಂಡು, ಒಂದು ಸಣ್ಣ ಹೋಟೆಲಿನಲ್ಲಿ ಊಟ ಮಾಡಿದೆವು. ಬಸವರಾಜ ಒಂದೂ ತಮಾಷೆ ಮಾಡಲಿಲ್ಲ. ನಮಗೆ ತಿಳಿಯಿತೆಂದು ಅಣ್ಣನಿಗೆ ಅದರಿಂದಲೂ ಗೊತ್ತಾಗಿರಬೇಕು. ಲಾಡ್ಜಿಗೆ ಹೋಗಿ ಮಲಗೋಣ ಎಂದು ನಾನಂದರೆ, ಮರೀನ್ ಡ್ರೈವ್ ನೋಡದೆ ಎಲ್ಲಿಗೂ ಬರುವುದಿಲ್ಲ ಎಂದರು. ಈ ಸಲ ಟ್ಯಾಕ್ಸಿಯಲ್ಲಿ ಹೋದೆವು.

ಸಮುದ್ರದ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಸೂರ್ಯ ಮುಳುಗಲು ಸ್ವಲ್ಪ ಹೊತ್ತಿತ್ತು. ಕೆಳಗೆ, ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಕಲ್ಲುಗಳ ಸಂದಿಯಲ್ಲಿ ನೀರು ಒಳಹೋಗಿ ಹೊರಬರುತ್ತಿತ್ತು. ಅಣ್ಣ ಎದುರಿಗೆ ನೋಡುತ್ತಲೇ ಹೇಳಿದರು.

"ದತ್ತು ಕೈ ಆಡಿಸಿದ್ದು ಕಾಣ್ಲಿಲ್ಲ. ಗಾಳಿ ಗೊತ್ತಾಯ್ತು."

ದತ್ತು ತಲೆ ತಗ್ಗಿಸಿದ.

ಅವರು ಹೇಳಿದ್ದು ಇಷ್ಟು. ಕಣ್ಣಿನೊಳಗೆ ಒತ್ತಡ ಹೆಚ್ಚಾಗುವ ರೋಗ. ಬದಿಯಿಂದ ಕತ್ತಲೆ ಒಳಗೆ ಬರುತ್ತದೆ. ಎದುರಿನದು ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತದೆ. ಪಕ್ಕದ್ದು ಇಲ್ಲ, ಕಾಲಕೆಳಗಿನದು ಇಲ್ಲ. ವರ್ಷದ ಹಿಂದೆಯೇ ಡಾಕ್ಟರು ಹೇಳಿದ್ದರು. ದಿನಸಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದರು. ಹೋದದ್ದು ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೆಂದು ಹೇಳಲಾಗದು. ಮಗನಿಗೆ ಹೇಳಿರಲಿಲ್ಲ. ಹೇಳಿದರೆ ಗಲ್ಲಾದಿಂದ ಎಬ್ಬಿಸಿ ಮನೆಯಲ್ಲಿ ಕೂರಿಸುತ್ತಾನೆ. ಮನೆಯಲ್ಲಿ ಕೂತರೆ ತಾನು ಯಾರು? ಅದನ್ನು ಅವರು ನಮ್ಮನ್ನು ಕೇಳಿದರು. 

ಬಸವರಾಜ ಬಹಳ ಹೊತ್ತು ತಡೆದುಕೊಂಡಿದ್ದವನು ಈಗ ಸಿಟ್ಟಿನಿಂದಲೇ ಮಾತಾಡಿದ.

"ಇಂಥಾದ್ರಾಗ ಇಲ್ಲಿ ತನಕ ಯಾಕ್ ಬಂದ್ರಿ ಅಣ್ಣಾರ? ಸಮುದ್ರಕ್ಕ ಬೀಳಾಕೇನ್ರಿ?"

ಅಣ್ಣ ಅವನ ಕಡೆ ಪೂರ್ತಿ ಮೈ ತಿರುಗಿಸಿದರು. "ಹುಡುಗ ಇದ್ದಾಗ ರಜೆ ಸಿಕ್ಕಿದ ದಿನ ಇಲ್ಲೇ ಬಂದು ಕೂರ್ತಿದ್ದೆ. ಒಬ್ಬನೇ. ಇಷ್ಟು ಚಂದದ್ದು ಕಾಣ್ತಾ ಉಂಟು, ತೋರಿಸ್ಲಿಕ್ಕೆ ಒಬ್ಬ ಜನ ಇಲ್ಲ ನಂಗೆ. ಮುಂದೆ ಯಾರಾದ್ರೂ ನಮ್ಮವರು ಅಂತ ಸಿಕ್ಕಿದ್ರೆ ಕರ್ಕೊಂಡು ಬರ್ಬೇಕು ಅಂತ ಇತ್ತು. ಹೋಟೆಲು, ಮದುವೆ, ಮಕ್ಕಳು, ಹಾಗೇ ಹೋಯ್ತು. ಈಗ ಬಾರದಿದ್ರೆ ಆಗುದಿಲ್ಲ. ಬೆರಳು ಮಾಡಿ ತೋರಿಸ್ಬೇಕಾದ್ರೆ ನಂಗೆ ಕಾಣ್ಬೇಕಲ್ಲ?"

ಬಸವರಾಜ ಎದ್ದು ಹೋಗಿ ನಾಲ್ಕು ಹೆಜ್ಜೆ ಆಚೆ ಸಮುದ್ರಕ್ಕೆ ಮುಖ ಮಾಡಿ ನಿಂತ. ಆಮೇಲೆ ಮರಳಿ ಬಂದು, ಅಣ್ಣ ತಿರುಗಿ ಕೂತಿದ್ದ ಕಡೆ, ಅವರಿಗೆ ಕಾಣುವ ಹಾಗೆ ಕಟ್ಟೆಯ ಮೇಲೇ ನೇರ ಎದುರಿಗೆ ಕೂತ.

ಅಣ್ಣ ತೋರಿಸತೊಡಗಿದರು. ಅದು ಮಲಬಾರ್ ಗುಡ್ಡ, ಅದು ಚೌಪಾಟಿಯ ಮರಳು, ಅದರಾಚೆ ದೊಡ್ಡವರ ಮನೆಗಳು. ಈ ಕಟ್ಟೆಯ ಮೇಲೆ ಕಡಲೆ ಮಾರುವವರು ಸಂಜೆ ಮೊದಲು ಬರುವುದು ಆ ಕಡೆಯಿಂದ. ಹೀಗೆ ಹೇಳುತ್ತ ಹೋದರು. ಅಷ್ಟು ವರ್ಷದಲ್ಲಿ ಎಷ್ಟೋ ಕಟ್ಟಡಗಳು ಮೇಲೆದ್ದಿದ್ದವು. ಕೆಲವು ಸಲ ಅವರ ಬೆರಳಿನ ತುದಿಯಲ್ಲಿ ಅವರು ಹೇಳಿದ್ದು ಇರಲಿಲ್ಲ. ನಾವು ಬೆರಳು ಹೋದಲ್ಲಿಗೆಲ್ಲ ನೋಡಿದೆವು. ಕತ್ತಲಾಗುತ್ತ ದಂಡೆಯುದ್ದಕ್ಕೂ ದೀಪಗಳು ಹತ್ತಿಕೊಂಡವು. ಅಣ್ಣ ಮಾತು ನಿಲ್ಲಿಸಿ, ಎಡದಿಂದ ಬಲಕ್ಕೆ, ಸಣ್ಣ ಅಕ್ಷರ ಓದುವವರ ಹಾಗೆ ನಿಧಾನವಾಗಿ ತಲೆ ತಿರುಗಿಸಿದರು. ಕೊನೆ ಮುಟ್ಟಿದ ಮೇಲೆ ಮತ್ತೆ ಎಡದಿಂದ. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಒಟ್ಟಿಗೆ ಕಾಣುದಿಲ್ಲ ಸಾಹೇಬ್ರೆ. ತುಂಡು ತುಂಡು ಕಾಣ್ತದೆ. ನಾನು ಜೋಡಿಸಿಕೊಳ್ತೇನೆ."

ಭುಜದ ಮೇಲೆ ಕೈಯಿಟ್ಟದ್ದು ಅದಕ್ಕೇನಾ ಎಂದು ಕೇಳಲೇಬೇಕೆನ್ನಿಸಿತು. ಕೇಳಿದೆ. ಅವರು, "ಮೊದಲು ಅದಕ್ಕೇ ಇಟ್ಟದ್ದು. ಆಮೇಲೆ ತೆಗಿಲಿಕ್ಕೆ ಮನಸ್ಸಾಗ್ಲಿಲ್ಲ" ಎಂದರು.

ಮರುದಿನ ಊರಿಗೆ ಮರಳುವ ಗಾಡಿಯಲ್ಲಿ ಬಸವರಾಜ ಮತ್ತೆ ವಾದ ತೆಗೆದ. ಹೋಟೆಲೆಂದರೆ ಎಣ್ಣೆ, ಬೆಂಕಿ, ಬಿಸಿ ಸಾಂಬಾರು. ಮಗನಿಗೆ ಇವತ್ತೇ ಹೇಳಬೇಕು, ಅಣ್ಣ ಹೇಳದಿದ್ದರೆ ತಾನು ಹೇಳುತ್ತೇನೆ ಎಂದ. ನನಗೂ ಅದೇ ಸರಿಯೆನಿಸಿತ್ತು. ದತ್ತು ಒಪ್ಪಲಿಲ್ಲ. "ಅಣ್ಣಾ ಗಲ್ಲ್ಯಾವರ್ ಬಸತಾತ್, ಸ್ಟೇರಿಂಗವರ್ ನಾಹೀ" ಎಂದ. ಅಣ್ಣ ಕೂರುವುದು ಗಲ್ಲಾದ ಮೇಲೆ, ಸ್ಟೇರಿಂಗ್ ಹಿಂದೆ ಅಲ್ಲ. ಬಸ್ಸು ಓಡಿಸುವವರಾಗಿದ್ದರೆ ತಾನೇ ಇಳಿಸುತ್ತಿದ್ದೆ, ಇಲ್ಲಿ ಹೇಳುವ ಹಕ್ಕು ಅವರದು ಎಂಬುದು ಅವನ ಮಾತು. ಇಬ್ಬರೂ ಏರುದನಿಯಲ್ಲಿ ಮಾತಾಡಿದರು. ಘಟ್ಟದ ಸುರಂಗ ಬಂದು ಮಾತು ಕೇಳದಾಯಿತು. ಸುರಂಗ ದಾಟಿದ ಮೇಲೆ ಅಣ್ಣ ಹೇಳಿದರು: "ನಾನೇ ಹೇಳ್ತೇನೆ. ನೀವು ಹೇಳಿದ್ರೆ ಅದು ಚಾಡಿ ಆಗ್ತದೆ."

ನಮ್ಮ ಮೇಜಿನಲ್ಲಿ ನಾವು ಮೂವರೂ ಮರುದಿನ ಬೆಳಿಗ್ಗೆ ಬೇಗನೆ ಹೋಗಿ ಕೂತೆವು. ಅಣ್ಣ ಗಲ್ಲಾದ ಹಿಂದೆ ಇದ್ದರು. ಮಗ ಅಡುಗೆಮನೆಯ ಬಾಗಿಲಲ್ಲಿ ತರಕಾರಿಯವನ ಜೊತೆ ಮಾತಾಡುತ್ತಿದ್ದ. ಗಿರಾಕಿಗಳಿದ್ದರು, ತಟ್ಟೆಗಳ ಸದ್ದಿತ್ತು. ಅಣ್ಣ ಸ್ಟೂಲಿನಿಂದ ಇಳಿದರು. ಗಲ್ಲಾದ ಅಂಚು ಹಿಡಿದು ಈಚೆ ಬಂದರು. ಮೇಜುಗಳ ನಡುವೆ ಕುರ್ಚಿಗಳ ಬೆನ್ನು ಮುಟ್ಟುತ್ತ ನಮ್ಮ ಹತ್ತಿರ ಬಂದು, ಖಾಲಿಯಿದ್ದ ನಾಲ್ಕನೆಯ ಕುರ್ಚಿ ಎಳೆದು, ಕೂತರು.

ಹೋಟೆಲಿನಲ್ಲಿದ್ದ ಹಳೆಯ ಮಾಣಿ ಕೈಯಲ್ಲಿದ್ದ ನೀರಿನ ಲೋಟಗಳ ಸಮೇತ ನಿಂತುಬಿಟ್ಟ. ಏನು ಕೊಡಲಿ ಎಂದು ಅಣ್ಣನನ್ನು ಕೇಳಬಹುದೋ ಬಾರದೋ ಅವನಿಗೆ ತಿಳಿಯಲಿಲ್ಲ. ಮಗ ಮಾತು ನಿಲ್ಲಿಸಿ ನೋಡಿದ. ನಿಧಾನವಾಗಿ ಬಂದು ಮೇಜಿನ ಪಕ್ಕ ನಿಂತ.

"ನೋಡು," ಎಂದರು ಅಣ್ಣ, ದಿನದ ಲೆಕ್ಕ ಹೇಳುವ ದನಿಯಲ್ಲಿ. "ನಂಗೆ ಬದಿಯದ್ದು ಕಾಣುದಿಲ್ಲ. ಕಾಲಡಿಯದ್ದೂ ಕಾಣುದಿಲ್ಲ. ಮುಂದೆ ಎದುರಿನದ್ದೂ ಹೋಗ್ತದೆ. ಇನ್ನು ಗಲ್ಲಾದಲ್ಲಿ ನೀನು ಕೂತ್ಕೋ. ಆದ್ರೆ ನನ್ನನ್ನು ಮನೆಯಲ್ಲಿ ಕೂರಿಸ್ಬೇಡ. ನಾನು ಇಲ್ಲಿ ಕೂರ್ತೇನೆ."

ಮಗ ಕೆಳಗೆ ನೋಡುತ್ತ ನಿಂತಿದ್ದ. "ಗೊತ್ತುಂಟು ಅಪ್ಪ" ಎಂದ.

ಅಣ್ಣ ಮೈ ತಿರುಗಿಸಿ ಅವನ ಮುಖ ಹುಡುಕಿದರು. ಮಗ ಅವರ ಎದುರಿಗೆ ಬಂದ.

"ದೀಪಾವಳಿಗೆ ಮೊದಲೇ ಗೊತ್ತಾಯ್ತು, ದಿನಸಿ ಕೋಣೆಯಲ್ಲಿ ಕಣ್ಣಿನ ಔಷಧಿ ಕಂಡು. ನೀವಾಗಿ ಹೇಳುವವರೆಗೆ ಕೇಳುದು ಬೇಡ ಅಂತ ಅಮ್ಮ ಹೇಳಿದ್ರು. ಅಡುಗೆಮನೆ ಬಾಗಿಲಿನ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ್ದು ಅದಕ್ಕೇ. ಆದ್ರೂ ನೀವು ಒಳಗೆ ಬರ್ಲಿಲ್ಲ."

ಬಸವರಾಜ ಕುರ್ಚಿಯಿಂದ ಅರ್ಧ ಎದ್ದ. ಆ ಮೆಟ್ಟಿಲು ಒಡೆದು ಸಿಮೆಂಟು ಹಾಕಿದವನು ಅವನೇ.

"ಟ್ರಾಲಿ ಸಲುವಾಗಿ ಅಂದಿದ್ರೆಲ್ರೀ!"

"ಟ್ರಾಲಿ ಎಲ್ಲುಂಟು ನಮ್ಮಲ್ಲಿ?" ಎಂದ ಮಗ.

ಮೊದಲು ನಕ್ಕವರು ಅಣ್ಣ. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ, ಸದ್ದಿಲ್ಲದೆ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಬಸವರಾಜ ಟ್ರಾಲಿ ಇಲ್ಲದ ಹೋಟೆಲಿಗೆ ಟ್ರಾಲಿಯ ದಾರಿ ಕಟ್ಟಿಕೊಟ್ಟ ಮೇಸ್ತ್ರಿ ಎಂದು ದತ್ತು ಇವತ್ತಿಗೂ ಊರೆಲ್ಲ ಹೇಳುತ್ತಾನೆ. ಮಗ ಹೋಗಿ ಗಲ್ಲಾದಲ್ಲಿ ಕೂತ. ಮಾಣಿ ಬಂದು ಅಣ್ಣನ ಎದುರಿಗೆ ನೇರವಾಗಿ ಲೋಟವಿಟ್ಟು, ಏನು ಕೊಡಲಿ ಎಂದು ಕೇಳಿದ. ಅಣ್ಣ, "ಎಂತ ಉಂಟು?" ಎಂದರು. ತನ್ನದೇ ಹೋಟೆಲಿನಲ್ಲಿ ಏನಿದೆಯೆಂದು ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡು, ಕೊನೆಗೆ ಇಡ್ಲಿ ತರಿಸಿದರು.

ಆಮೇಲಿನ ಬೆಳಗುಗಳೆಲ್ಲ ಅವರು ನಮ್ಮ ಮೇಜಿನಲ್ಲಿ ಕಳೆದರು. ಹೊರಟ ಗಿರಾಕಿಗಳಿಗೆ ಕುರ್ಚಿಯಿಂದಲೇ "ಬನ್ನಿ" ಎನ್ನುತ್ತಿದ್ದರು. ಅಡುಗೆಮನೆಗೂ ಇಳಿಜಾರಿನ ಮೇಲೆ ನಡೆದುಹೋಗಿ, ಒಲೆಯಿಂದ ದೂರ ನಿಂತು ರುಚಿ ನೋಡಿ ಬರುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಎದುರಿನದೂ ಹೋಯಿತು. ಬೀದಿಯಲ್ಲಿ ಏನಾಗುತ್ತಿದೆ ಎಂದು ನನ್ನನ್ನು ಕೇಳುತ್ತಿದ್ದರು. ಕಾರ್ಖಾನೆಯ ಅಭ್ಯಾಸದಂತೆ ನಾನು ಬಿಡಿಬಿಡಿಯಾಗಿ ಹೇಳುತ್ತಿದ್ದೆ: ಹಾಲಿನ ಗಾಡಿ ನಿಂತಿದೆ, ಎಡಗಡೆಯ ದೀಪ ಒಡೆದಿದೆ, ಚಾಲಕ ಕೆಳಗಿಳಿದು ಯಾರಿಗೋ ಫೋನು ಮಾಡುತ್ತಿದ್ದಾನೆ. ಅಷ್ಟು ಸಾಲದು ಅವರಿಗೆ. ಅವನ ಮುಖ ಹೇಗುಂಟು, ಮನೆಗೆ ಮಾಡುತ್ತಿದ್ದಾನಾ, ಸೇಠಿಗಾ ಎಂದು ಕೇಳುತ್ತಿದ್ದರು. ನಾನು ಇನ್ನೊಮ್ಮೆ ನೋಡಬೇಕಾಗುತ್ತಿತ್ತು. ಅಷ್ಟು ವರ್ಷ ನೌಕರಿ ಮಾಡಿದರೂ ಮನುಷ್ಯರ ಮುಖವನ್ನು ಹಾಗೆ ಎರಡನೆಯ ಸಲ ನೋಡುವುದು ನನಗೆ ಬಂದದ್ದು ಅವರಿಂದ. ಹೆಂಡತಿ ಇದ್ದಾಗಲೇ ಅದು ನನಗೆ ಬಂದಿದ್ದರೆ ಎಂದು ಅನ್ನಿಸುತ್ತದೆ. ಅದನ್ನು ಅವರಿಗೆ ಹೇಳಿದ್ದೆ. ಅವರು ತಮ್ಮ ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಬೆಳಗಿನ ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ಹೋಟೆಲಿಗೆ ಹೊರಡಲೆಂದು ಮಂಚದ ಮೇಲೆ ಕೂತವರು ಏಳಲಿಲ್ಲವೆಂದು ಮಗ ಹೇಳಿದ. ಅದನ್ನು ನಾನು ನೋಡಲಿಲ್ಲ. ನಾವು ಹೋದಾಗ ಮಲಗಿಸಿದ್ದರು. ಬಸವರಾಜ ಅವರ ಕಾಲಿನ ಹತ್ತಿರ ಕೂತು, ಮೊಣಕಾಲಿನ ಕೆಳಗೆ ಕಲ್ಲು ತರಚಿ ಉಳಿದಿದ್ದ ಗಾಯದ ಗುರುತಿನ ಮೇಲೆ ಪಂಚೆ ಎಳೆದು ಮುಚ್ಚಿದ.

ಮುಂಬಯಿಯ ಆ ಮೆಟ್ಟಿಲ ಮೇಲೆ ನಡೆದದ್ದನ್ನೂ, ಸಂಜೆ ಕಟ್ಟೆಯ ಮೇಲೆ ಅವರು ಆಡಿದ್ದನ್ನೂ ನಾನು ಕಂಡಂತೆ, ಕೇಳಿದಂತೆ ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನ ನೆನಪಿನದು. ಲಾಂಚನ್ನು ಕಾಲಿನಿಂದ ತಡೆದವನ ಹೆಸರು ನಾವು ಕೇಳಲಿಲ್ಲ. ಅವನು ನಡುವಯಸ್ಸಿನವನು, ಇನ್ನೂ ಅಲ್ಲೇ ಇರಬಹುದು. ಉಳಿದಂತೆ ಅದನ್ನು ಕಂಡವರಲ್ಲಿ ಇಂದಾಪುರದ ದತ್ತು ಇದ್ದಾನೆ. ಮೊಣಕಾಲಿನ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಾನೆ. ಯಾದಗಿರಿಯ ಬಸವರಾಜ ಇದ್ದಾನೆ. ನಾನಿದ್ದೇನೆ. ಬೆಳಿಗ್ಗೆ ಖಡಕಿಯ ಹೋಟೆಲಿಗೆ ಬಂದರೆ ಮೂವರೂ ಸಿಗುತ್ತೇವೆ.